ಹದ ಬಿಟ್ಟು ಬಂದವನು

ಬೇಸಿಗೆಯ ಪ್ರೀತಿಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನಮ್ಮ ಕಡೆ ಬಿಳಿಜೋಳದ ರಾಶಿ ಮುಗಿದರೆ ಮುಂಗಾರು ಬೀಳುವವರೆಗೆ ಗಂಡಸರಿಗೆ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಎತ್ತುಗಳು ನೆರಳಲ್ಲಿ ಮೆಲುಕು ಹಾಕುತ್ತಿರುತ್ತವೆ, ಒಡೆಯನಿಗೆ ಪ್ರೀತಿ ಉಕ್ಕುತ್ತಿರುತ್ತದೆ. ಕೆಲಸವಿಲ್ಲದವನ ಅಕ್ಕರೆಯನ್ನು ಯಾರು ನಂಬಬೇಕು?

ಎಪ್ಪತ್ತರ ದಶಕದ ಮಾತು. ತಿಕೋಟಾದ ನನಗೂ ಕಳ್ಳಕವಟಗಿಯ ಒಕ್ಕಲುತನದ ಹುಡುಗನಿಗೂ ನಿಶ್ಚಯವಾಗಿತ್ತು. ಲಗ್ನ ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಹುಡುಗ ಸುಮ್ಮಸುಮ್ಮನೆ ಬೀಗರ ಮನೆಗೆ ಬರುವಂತಿಲ್ಲ. ಈ ಪುಣ್ಯಾತ್ಮ ವಾರವಾರ ಹಾಜರು. ಒಮ್ಮೆ ಸೈಕಲ್ಲಿನ ಗಾಳಿ ಹೋಯಿತೆನ್ನುವುದು, ಒಮ್ಮೆ ಬಬಲೇಶ್ವರದ ಸಂತೆಗೆ ಹೊರಟೆನೆನ್ನುವುದು, ಅದೂ ಸಂತೆಯಿಲ್ಲದ ದಿನ! ನಾನು ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿ ಗುಬ್ಬಿ ಕಾಯುತ್ತಿದ್ದರೆ, ತಾನೂ ಕಾಯುತ್ತೇನೆಂದು ಹತ್ತಿಬರುತ್ತಿದ್ದ. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಕೊಂಡ ಮಲ್ಲಿಗೆಯನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ ತರುತ್ತಿದ್ದ. ಬರುವಷ್ಟರಲ್ಲಿ ಟವೆಲ್ ಒಣಗಿ ಹೂ ಬಾಡಿರುತ್ತಿತ್ತು.

ಸುಳ್ಳು ಯಾಕೆ, ಸೈಕಲ್ಲಿನ ಗಂಟೆ ಕೇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ಅನುಮಾನ ಇನ್ನೂ ಹೆಚ್ಚಾಯಿತು. ಒಂದು ದಿನ ಅಂದೇಬಿಟ್ಟೆ: "ಈಗ ಬರೂದೇನ್ ದೊಡ್ಡದಲ್ಲರಿ. ಮಳಿ ಬಿದ್ದಾಗ ಬರ್ರಿ, ನೋಡೂಣು."

ಅವನು ನಕ್ಕು ಇಳಿದುಹೋದ.

ಮುಂಗಾರು ಎರಡು ದಿನ ಜಡಿದು ನಿಂತಿತು. ಎರೆಭೂಮಿ ಬಿತ್ತುವ ಹದಕ್ಕೆ ಬಂತು. ಆಗ ಬಿತ್ತದಿದ್ದರೆ ಹಸಿ ಆರಿ ವರ್ಷದ ಬೆಳೆ ಹೋದಂತೆ. ಅಂಥ ಮುಂಜಾನೆ, ಮೊಣಕಾಲವರೆಗೆ ಮಣ್ಣು ಮೆತ್ತಿಕೊಂಡು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಹೊಲಕ್ಕೆ ಹೊರಟಿದ್ದ ಅಪ್ಪನ ಮುಖ ಕಪ್ಪಿಟ್ಟಿತು. ಯಾಕೆ ಬಂದೆ ಎಂದು ಕೇಳಿದ. ಅವನು ತಲೆ ತಗ್ಗಿಸಿ ನಿಂತನೇ ಹೊರತು ನನ್ನ ಹೆಸರು ಹೇಳಲಿಲ್ಲ.

"ಹದ ಬಿಟ್ಟು ಅಡ್ಡಾಡಾಂವ ನನ್ನ ಮಗಳಿಗೆ ಏನ್ ಅನ್ನ ಹಾಕ್ತಾನ? ಈ ಬೀಗತನ ಬ್ಯಾಡ," ಎಂದ ಅಪ್ಪ.

ಅಪ್ಪ ಆಡಿದ ಮಾತು ಹಿಂತೆಗೆದುಕೊಳ್ಳುವವನಲ್ಲ. ನಾಚಿಕೆ ಬಿಟ್ಟು ಹೊಸ್ತಿಲು ದಾಟಿದೆ.

"ಯಪ್ಪಾ, ನಾನೇ ಬರ್ರಿ ಅಂದಿದ್ದೆ."

ಅಪ್ಪ ನನ್ನನ್ನೂ, ಅವನ ಮಣ್ಣಿನ ಕಾಲನ್ನೂ ಬಹಳ ಹೊತ್ತು ನೋಡಿದ. ಬೈಯಲಿಲ್ಲ. ಕಳೆದುಕೊಂಡ ದಿನವನ್ನು ಒಂದೇ ಜೋಡಿ ಎತ್ತಿನಿಂದ ತುಂಬಿಕೊಳ್ಳಲಾಗದು ಎಂದು ಗೊಣಗಿ, ನಮ್ಮ ಎತ್ತುಗಳನ್ನು ಕಳ್ಳಕವಟಗಿಯ ದಾರಿಗೆ ತಿರುಗಿಸಿದ. ಮರುದಿನ ಇಬ್ಬರೂ ಸೇರಿ ಅವರ ಹೊಲ ಬಿತ್ತಿದರು. ಅಪ್ಪ ಮರಳುವಷ್ಟರಲ್ಲಿ ನಮ್ಮ ಹೊಲ ಬಿಸಿಲಿಗೆ ಬಿರಿದಿತ್ತು.

ದೀಪಾವಳಿ ಕಳೆದ ಮೇಲೆ ಲಗ್ನವಾಯಿತು. ನಮ್ಮವರು ಬೇಸಿಗೆಯಲ್ಲಿ ಮಲ್ಲಿಗೆ ತಂದರೆ ನಾನು ಈಗಲೂ ಅನುಮಾನದಿಂದಲೇ ನೋಡುತ್ತೇನೆ. ಆ ವರ್ಷ ಅಪ್ಪನ ಹೊಲದಲ್ಲಿ ತಡವಾಗಿ ಬಿತ್ತಿದ ಸಜ್ಜೆ ಮೊಣಕಾಲು ದಾಟಲಿಲ್ಲ. ಅಪ್ಪ ಒಂದು ದಿನವೂ ಅದರ ಮಾತೆತ್ತಲಿಲ್ಲ.