ಲಗಾಮು ಬಿಡದ ಬೆರಳುಗಳು

ಲೂಯಿಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್, ಕುದುರೆಗಳ ಡಾಕ್ಟರ್ ಆಗಿದ್ದವರು, ಕೂತು ಕಾಫಿ ಕುಡಿದದ್ದನ್ನು ನಾನು ಕಂಡಿಲ್ಲ. ನಿಂತು ಕುಡಿಯುವಾಗಲೂ ಅವರ ಎಡಗೈ ಬೆರಳುಗಳು ಲಗಾಮು ಹಿಡಿದಂತೆ ಬಿಗಿಯುತ್ತ, ಸಡಿಲವಾಗುತ್ತ ಇರುತ್ತಿದ್ದವು. ರಿಟೈರ್ ಆದಮೇಲೆ, ಗಾಡಿ ರೇಸಿನಲ್ಲಿ ಚಾಂಪಿಯನ್ ಆಗಿದ್ದ ಮುದಿ ಕುದುರೆಯೊಂದನ್ನು ತಂದು ಸಾಕಿಕೊಂಡಿದ್ದರು. ಆ ರೇಸಿನಲ್ಲಿ ಕುದುರೆ ಚುರುಕು ಹೆಜ್ಜೆಯಲ್ಲೇ ಸಾಗಬೇಕು, ನಾಗಾಲೋಟಕ್ಕೆ ಬಿದ್ದರೆ ಕೆಟ್ಟಿತು. "ಹುಚ್ಚರಂಗ ಓಡಬಾರ್ದು, ನಡೀಬೇಕು" ಎಂದು ಫ್ರೀವೇಯಲ್ಲಿ ಡ್ರೈವ್ ಮಾಡುವ ನಮಗೂ ಹೇಳುತ್ತಿದ್ದರು.

ನನ್ನ ಮದುವೆಗೆ ಹುಡುಗಿ ಕಡೆಯ ಪಂಜಾಬಿಗಳು ಬರಾತ್, ಅಂದರೆ ಕುಣಿತದೊಂದಿಗೆ ವರನ ಮೆರವಣಿಗೆ, ಬೇಕೇ ಬೇಕೆಂದರು. ಅಂಕಲ್ ತಮ್ಮ ಚಾಂಪಿಯನ್ನನ್ನೇ ಗಾಡಿಗೆ ಕಟ್ಟಿ, ಪೇಟ ಸುತ್ತಿದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮುಂದೆ ಸ್ಪೀಕರ್ ಹೊತ್ತ ಪಿಕಪ್ ಎರಡೂ ಬಾಗಿಲು ತೆರೆದುಕೊಂಡು ನಿಧಾನವಾಗಿ ಹೋಗುತ್ತಿತ್ತು. ರೇಸ್ ಶುರುಮಾಡಿಸುವ ಕಾರೂ ಹೀಗೇ ರೆಕ್ಕೆ ಬಿಚ್ಚಿಕೊಂಡು ಕುದುರೆಗಳ ಮುಂದೆ ಹೋಗುತ್ತದೆ, ಅದು ಪಕ್ಕಕ್ಕೆ ಸರಿದರೆ ರೇಸ್ ಶುರು. ಇದು ಯಾರಿಗೂ ಹೊಳೆಯಲಿಲ್ಲ. ದಾರಿ ಬಿಡಲೆಂದು ಪಿಕಪ್ ಸರ್ರನೆ ಸರಿಯಿತು. ಕುದುರೆ ಹೊರಟೇಬಿಟ್ಟಿತು!

ಕುಣಿಯುತ್ತಿದ್ದವರು ದಿಕ್ಕಾಪಾಲಾದರು. ನನ್ನ ಪೇಟ ಹಾರಿಹೋಯಿತು. "ಅಂಕಲ್, ಸ್ಟಾಪ್ ಮಾಡಿ!" ಎಂದು ಕಿರುಚಿದೆ. ಲಗಾಮು ಜಗ್ಗುತ್ತಲೇ ಅವರು ಕುದುರೆಯ ಕಾಲುಗಳನ್ನು ನೋಡುತ್ತಿದ್ದರು. "ಒಂದ್ ಹೆಜ್ಜಿನೂ ತಪ್ಪಿಲ್ಲ ನೋಡೋ!" ಎಂದರು.

ಪಾರ್ಕಿಂಗ್ ಲಾಟ್ ಸುತ್ತಿ ಬಂದ ಕುದುರೆ, ಗೆದ್ದಾಗಲೆಲ್ಲ ಫೋಟೋಗೆ ನಿಂತ ಅಭ್ಯಾಸಬಲದಿಂದ, ಮದುವೆಯ ಫೋಟೋಗ್ರಾಫರ್ ಮುಂದೆ ಕತ್ತೆತ್ತಿ ನಿಂತಿತು.

ಅಪ್ಪ ಬೆವರೊರೆಸಿಕೊಳ್ಳುತ್ತ ಓಡಿಬಂದರು. "ರಿಟೈರ್ ಆಗಿದೆ ಅಂದಿದ್ರಲ್ಲಾ ಡಾಕ್ಟ್ರೇ?"

"ಆಗೇತ್ರಿ. ಅದಕ್ಕ ಹೇಳೋರ್ ಯಾರು?" ಎಂದ ಅಂಕಲ್ ಲಗಾಮು ಕೆಳಗಿಟ್ಟು ಇಳಿದರು. ಎಡಗೈ ಬೆರಳುಗಳು ಮಾತ್ರ ಇನ್ನೂ ಬಿಗಿಯುತ್ತಲೇ ಇದ್ದವು.