ರೇಡಿಯೇಟರಿಗೆ ಅರಿಷಿಣ

ಧಾರವಾಡದ ನಿವೃತ್ತ ಮಾಸ್ತರೊಬ್ಬರು ತಮ್ಮ ಹಳೇ ಕಾರನ್ನು ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದರು. ಎಂಜಿನ್ ವಿಪರೀತ ಕಾದು ನಿಂತುಬಿಡುತ್ತಿತ್ತು. ಐವತ್ತು ವರ್ಷದ ಹಿಂದೆ ಮದುವೆಯಾದ ಚರ್ಚಿಗೆ ಮರುದಿನ ಹೆಂಡತಿಯನ್ನು ಅದೇ ಕಾರಿನಲ್ಲಿ ಕರೆದೊಯ್ಯುವ ಆಸೆ ಅವರಿಗೆ.

ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಬಿಸಿ ಇಳಿಯಲಿಲ್ಲ. ಆಮೇಲೆ ರೇಡಿಯೇಟರ್ ಬಿಚ್ಚಿದರೆ ಒಳಗೆಲ್ಲ ಹಳದಿ ಕೆಸರು.

"ಇದೇನ್ರಿ ಸರ, ಅರಿಷಿಣ ಹಾಕೀರೇನು?"

"ಹೌದ್ರಿ. ನೀರು ಸೋರಾಕತ್ತಿತ್ತು. ಫೋನಿನ್ಯಾಗ ನೀವ ಹೇಳಿದ್ರಲ್ಲ," ಅಂದರು ಮೆಲ್ಲಗೆ.

ಹೇಳಿದ್ದೆ ಖರೆ, ಸಣ್ಣ ತೂತು ಮುಚ್ಚಲಿಕ್ಕೆ ಒಂದು ಚಿಟಿಕೆ ಅಂತ. ಅವರು ಇಡೀ ಪೊಟ್ಟಣ ಸುರಿದಿದ್ದರು.

"ಗಾಯ ದೊಡ್ಡದು ಅನಿಸ್ತ್ರಿ."

ಸಂಜೆವರೆಗೂ ತೊಳೆದು, ತೂತಿಗೆ ಬೆಸುಗೆ ಹಾಕಿ ಕಳಿಸಿದೆ. ಮರುದಿನ ಚರ್ಚಿನ ಅಂಗಳದಿಂದಲೇ ಅವರ ಹೆಂಡತಿ ಫೋನ್ ಮಾಡಿದರು: "ಆರಾಮ ಬಂದು ಮುಟ್ಟಿದ್ವಿರಿ."

ಅಂದಿನಿಂದ ಫೋನಿನಲ್ಲಿ ಮನೆಮದ್ದು ಹೇಳುವುದನ್ನು ಬಿಟ್ಟಿದ್ದೇನೆ.