ಇಸ್ತ್ರಿ ಕಾಕಾಗೆ ನಾನು ಹಾಕಿದ ಪಾಟೀಸವಾಲು

ಮೊನ್ನೆ ಡ್ರೈಕ್ಲೀನಿಂಗಿಗೆ ಕೊಟ್ಟಿದ್ದ ಕುರ್ತಾ ಮನೆಗೆ ಬಂತು. ಕಾಲರಿನ ಒಳಗೆ ಬೆರಳುದ್ದದ ಕಾಗದದ ಪಟ್ಟಿ, ಅದರ ಮೇಲೆ ಏಳೆಂಟು ಅಂಕಿ, ಪಕ್ಕದಲ್ಲಿ ಬಾರ್‌ಕೋಡಿನ ಕಪ್ಪು ಗೆರೆಗಳು. ಬಟ್ಟೆಗೇ ಸ್ಟೇಪಲ್ ಪಿನ್ ಹೊಡೆದು ಅಂಟಿಸಿದ್ದರು. ಅದನ್ನು ಕೀಳಲು ಹೋಗಿ ಉಗುರಿನ ಸಂದಿಗೆ ಚುಚ್ಚಿಸಿಕೊಂಡೆ. ಬೆರಳು ಬಾಯಿಗಿಟ್ಟುಕೊಂಡು ನಿಂತಿದ್ದಾಗ ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯ ಇಸ್ತ್ರಿ ಕಾಕಾ ನೆನಪಾದರು.

ಅವರಿಗೆ ಪಟ್ಟಿ, ನಂಬರು ಯಾವುದೂ ಬೇಕಿರಲಿಲ್ಲ. ನಲವತ್ತು ಮನೆಗಳ ಬಟ್ಟೆ ಒಂದೇ ಬಂಡಿಯ ಮೇಲೆ ರಾಶಿ ಬಿದ್ದಿರುತ್ತಿತ್ತು. ಸಂಜೆ ಹೊತ್ತಿಗೆ ಒಂದೊಂದು ಗಂಟೂ ಅದರದರ ಬಾಗಿಲಿಗೆ ಹೋಗಿ ಮುಟ್ಟುತ್ತಿತ್ತು. ಒಂದು ಕರ್ಚೀಫು ಕೂಡ ಅದಲುಬದಲಾದದ್ದು ನನಗೆ ನೆನಪಿಲ್ಲ. ಗುಂಡಿ ಸಡಿಲಾಗಿದ್ದರೆ ಕೇಳದೆಯೇ ಹಚ್ಚಿಕೊಡುತ್ತಿದ್ದರು, ಕೈಗೆ ಸಿಕ್ಕ ಬಣ್ಣದ ದಾರದಲ್ಲಿ. ನನ್ನ ಬಿಳಿ ಯೂನಿಫಾರ್ಮಿಗೆ ಒಮ್ಮೆ ಹಸಿರು ದಾರ ಹಾಕಿದ್ದಕ್ಕೆ ಜಗಳ ತೆಗೆದಿದ್ದೆ. ‘ಗುಂಡಿ ಬಿದ್ದು ಮಾನ ಹೋಗೂದಕ್ಕಿಂತ ಹಸಿರು ದಾರ ಛಲೋ ಇಲ್ಲೇನವಾ?’ ಅಂದಿದ್ದರು. ಅವರು ಚಿಂಚೋಳಿ ಕಡೆಯವರು. ನನ್ನಪ್ಪ ರೈಲ್ವೆಯವರು, ಕಲಬುರಗಿಯಿಂದ ಬಂದವರು. ಕಾಕಾ ಗಿರಾಕಿಗಳ ಜೊತೆ ತೆಲುಗು, ಇದ್ದಿಲು ಮಾರುವವನ ಜೊತೆ ದಖನಿ ಉರ್ದು, ನಮ್ಮ ಮನೆಯವರ ಜೊತೆ ಮಾತ್ರ ಕನ್ನಡ. ಅಷ್ಟು ಸಾಕಾಗಿತ್ತು ಅವರು ನಮಗೆ ಕಾಕಾ ಆಗಲು.

ನಾನು ಆಗ ನಾರಾಯಣಗೂಡದ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ. ಚರ್ಚಾಸ್ಪರ್ಧೆಯ ಹುಚ್ಚು. ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರೋಧವಾಗಿಯೂ ಏಳು ಏಳು ನಿಮಿಷ ಮಾತಾಡಬಲ್ಲೆ ಎಂಬ ಹಮ್ಮು. ಊಟದ ತಟ್ಟೆಯ ಮುಂದೆಯೂ ವಾದ ಮಾಡುತ್ತಿದ್ದೆ. ಅಪ್ಪ ‘ಏ, ಅನ್ನ ಆರತದ, ಮೊದಲ ಉಣ್ಣು, ಆಮ್ಯಾಲ ಗೆಲ್ಲು’ ಅನ್ನುತ್ತಿದ್ದರು.

ಆ ವರ್ಷವೇ ನಮ್ಮ ಗಲ್ಲಿಯ ಮೂಲೆಯ ಅಪಾರ್ಟ್‌ಮೆಂಟಿನಲ್ಲಿ ಕಳವಾಯಿತು. ಅಡ್ಡ ಬಂದ ವಾಚ್‌ಮನ್ನನ್ನು ಹೊಡೆದು ಕೊಂದರು. ಕಾಕಾನ ಬಂಡಿ ನಿಲ್ಲುತ್ತಿದ್ದದ್ದು ಅದೇ ಅಪಾರ್ಟ್‌ಮೆಂಟಿನ ಗೋಡೆಗೆ. ದಿನಾ ಬೆಳಿಗ್ಗೆ ಬಟ್ಟೆಗೆ ಚಿಮುಕಿಸಲು ಒಂದು ಕೊಡ ನೀರು ತಂದಿಟ್ಟು ಹೋಗುತ್ತಿದ್ದವನು ಆ ವಾಚ್‌ಮನ್. ಎರಡು ದಿನದ ಮೇಲೆ ಹಿಂದಿನ ನಾಲೆಯಲ್ಲಿ ರಕ್ತ ಮೆತ್ತಿದ ಒಂದು ಕೆನೆಬಣ್ಣದ ಅಂಗಿ ಪೊಲೀಸರಿಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಅವರು ಸುತ್ತಲಿನ ಟೇಲರುಗಳನ್ನೆಲ್ಲ ಕೇಳಿದರು. ಬಂಡಿಯ ಹತ್ತಿರ ಯಾರೂ ಬರಲಿಲ್ಲ. ಕಾಕಾ ತಾವಾಗಿಯೇ ಇಸ್ತ್ರಿ ಪೆಟ್ಟಿಗೆ ಇಳಿಸಿಟ್ಟು, ಬಂಡಿಗೆ ಚಾದರ ಹೊದಿಸಿ, ಸ್ಟೇಷನ್ನಿಗೆ ಹೋಗಿ ‘ನಾನೂ ಒಮ್ಮೆ ನೋಡ್ತೀನ್ರಿ’ ಅಂದರಂತೆ.

ಅಂಗಿಯ ಕೆಳಗಿನಿಂದ ಎರಡನೇ ಗುಂಡಿಗೆ ನೀಲಿ ದಾರ. ಗುಂಡಿಯ ಕೊರಳಿಗೆ ಮೂರು ಸುತ್ತು ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದ ತುದಿ. ‘ತಿರುವಿ ನೋಡಿದೆ, ನನ್ನ ಕೈ ಹೊಲಿಗಿ ಅದು’ ಅಂತ ಅಪ್ಪನಿಗೆ ಹೇಳುವಾಗ ಕಾಕಾನ ಬೆರಳುಗಳು ಗಾಳಿಯಲ್ಲೇ ಆ ಗಂಟು ಹಾಕುತ್ತಿದ್ದವು. ಪಕ್ಕದ ಗಲ್ಲಿಯಲ್ಲಿ ಮಾಳಿಗೆಯ ಖೋಲಿ ಬಾಡಿಗೆ ಹಿಡಿದಿದ್ದ ಒಬ್ಬ ಹುಡುಗನ ಅಂಗಿ ಅದು ಎಂದು ಅವರು ಹೇಳಿದರು. ಆ ಹುಡುಗ ಖೋಲಿ ಖಾಲಿ ಮಾಡಿಕೊಂಡು ಹೋಗಿದ್ದ. ವಾರದೊಳಗೆ ಹಿಡಿದು ತಂದರು. ಅಂಗಿ ತನ್ನದಲ್ಲ ಎಂದು ಅವನು ವಾದಿಸಿದ.

ಮುಂದಿನ ಅಧಿವೇಶನದಲ್ಲಿ ನಮ್ಮ ಭಾಗದ ಶಾಸಕರು ಈ ವಿಷಯವನ್ನು ವಿಧಾನಸಭೆಯಲ್ಲಿ ಎತ್ತುತ್ತಾರೆ, ಕಾಕಾನನ್ನು ಸಭೆ ಅಭಿನಂದಿಸುತ್ತದೆ ಎಂದು ಸುದ್ದಿ ಬಂತು. ಗ್ಯಾಲರಿಗೆ ಎರಡು ಪಾಸು. ಕಾಕು, ಅಂದರೆ ಅವರ ಹೆಂಡತಿ, ‘ನನಗ ಅಲ್ಲೇನು ಕೆಲಸ’ ಎಂದು ಒಪ್ಪಲೇ ಇಲ್ಲ. ಅಪ್ಪ ನನ್ನನ್ನು ಕಳಿಸಿದರು. ಪಬ್ಲಿಕ್ ಗಾರ್ಡನ್ ಪಕ್ಕದ ಆ ಬಿಳಿ ಕಟ್ಟಡವನ್ನು ಬಸ್ಸಿನಿಂದ ನೂರು ಸಲ ನೋಡಿದ್ದೆ. ಒಳಗೆ ಹೋದದ್ದು ಅದೇ ಮೊದಲು.

ಫೋನು ಕೆಳಗೆ ಕೊಟ್ಟು, ಸದ್ದು ಮಾಡಬಾರದು, ಏಳಬಾರದು, ಚಪ್ಪಾಳೆ ತಟ್ಟಬಾರದು ಎಂದು ಹೇಳಿಸಿಕೊಂಡು ಮೇಲೆ ಕೂತೆವು. ಕಾಕಾ ಕೆಳಗೆ ಬಗ್ಗಿ ಸದಸ್ಯರನ್ನು ಬಹಳ ಹೊತ್ತು ನೋಡಿದರು. ನಾನು ಪ್ರಜಾಪ್ರಭುತ್ವ ನೋಡುತ್ತಿದ್ದಾರೆ ಅಂದುಕೊಂಡೆ.

‘ಮೂರನೇ ಸಾಲಿನ್ಯಾಗ ಕುಂತಾರಲ್ಲ, ಅವರ ಇಸ್ತ್ರಿಯವ ಭಾಳ ಶ್ಯಾಣ್ಯಾ ಅದಾನ ನೋಡವಾ. ಗಂಜಿ ಎಷ್ಟು ಬೇಕೋ ಅಷ್ಟ ಹಾಕ್ಯಾನ’ ಅಂದರು ಕಿವಿಯಲ್ಲಿ.

ಶಾಸಕರು ತೆಲುಗಿನಲ್ಲಿ ಮಾತಾಡಿದರು. ಯಾರೂ ಕರೆಯದೆ ಇದ್ದರೂ ತಾನಾಗಿ ಮುಂದೆ ಬಂದು, ಕಂಡದ್ದನ್ನು ಕಂಡ ಹಾಗೆ ಹೇಳಿದ ನಾಗರಿಕ ಎಂದರು. ಹುಡುಗನ ಸುದ್ದಿ ಎತ್ತಲಿಲ್ಲ, ತಪ್ಪು ಯಾರದು ಎಂದೂ ಹೇಳಲಿಲ್ಲ. ಆಮೇಲೆ ಸಭಾಧ್ಯಕ್ಷರು ಕಾಕಾನ ಹೆಸರು ಓದಿದರು. ಇಡೀ ಸಭೆ ಮೇಜು ತಟ್ಟಿತು. ಕಾಕಾ ನನ್ನ ತೋಳು ಹಿಡಿದುಕೊಂಡರು.

‘ಯಾಕವಾ, ಬಡಿಯಾಕತ್ತಾರಲ್ಲ? ಸಿಟ್ಟಿಗೆದ್ದಾರೇನು?’

‘ಇಲ್ಲ ಕಾಕಾ, ಹೊಗಳೂದು ಅದು.’

‘ಹಂಗಾರ ಮೊದಲ ಹೇಳಬಾರದೇನವಾ, ಎದಿ ಒಡೀತು.’

ಆಮೇಲೆ ಹೊರಗಿನ ಒಂದು ಕೋಣೆಯಲ್ಲಿ ಶಾಲು ಹೊದಿಸಿ ಪ್ರಶಂಸಾಪತ್ರ ಕೊಟ್ಟರು. ಬಸ್ಸಿನಲ್ಲಿ ಬರುವಾಗ ಆ ಪತ್ರ ಮಡಚಿಹೋಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು… ಸೀಟು ಸಿಕ್ಕಿದರೂ ಕೂಡಲಿಲ್ಲ. ನನಗೆ ಒಳಗೊಳಗೇ ನಗು. ಕೋರ್ಟಿನಲ್ಲಿ ಇನ್ನೂ ವಿಚಾರಣೆಯೇ ಶುರುವಾಗಿಲ್ಲ, ಆಗಲೇ ಶಾಲು! ಎಂಥ ಒಳ್ಳೆ ವಾದದ ಸರಕು ಅನ್ನಿಸಿತ್ತು.

ಎರಡು ವಾರ ಕಳೆದು ಒಂದು ಭಾನುವಾರ, ಕಾಲೇಜಿನ ಇಬ್ಬರು ಗೆಳತಿಯರು ಮನೆಗೆ ಬಂದಿದ್ದರು. ಅಂತರ ಕಾಲೇಜು ಸ್ಪರ್ಧೆಗೆ ಕೊಟ್ಟಿದ್ದ ವಿಷಯ, ಸಾಮಾನ್ಯ ಮನುಷ್ಯನ ನೆನಪನ್ನು ನ್ಯಾಯಾಲಯ ನಂಬಬಹುದೇ ಎಂಬುದು. ಗಲ್ಲಿಯಲ್ಲಿ ಹೋಗುವಾಗ ಬಂಡಿ ಕಂಡಿತು. ಬಂಡಿಯ ಕಂಬಕ್ಕೆ ಲ್ಯಾಮಿನೇಷನ್ ಮಾಡಿಸಿದ ಪತ್ರ ತೂಗುತ್ತಿತ್ತು. ಗೆಳತಿಯರಿಗೆ ನನ್ನ ಕೈಚಳಕ ತೋರಿಸಬೇಕಿತ್ತು. ಅದಕ್ಕಿಂತ ದೊಡ್ಡ ಕಾರಣ ಇತ್ತು ಎಂದು ಎಷ್ಟೋ ಸಲ ನನಗೆ ನಾನೇ ವಾದಿಸಿ ನೋಡಿದ್ದೇನೆ. ಇರಲಿಲ್ಲ.

‘ಕಾಕಾ, ನೀಲಿ ದಾರದಾಗ ಇಲ್ಲೀ ತನಕಾ ಎಷ್ಟು ಗುಂಡಿ ಹಚ್ಚೀರಿ?’

‘ಅದನ್ಯಾರು ಎಣಿಸ್ಯಾರವಾ.’

‘ಹತ್ತು? ಇಪ್ಪತ್ತು?’

‘ಇರಬಹುದು.’

‘ಅದರಾಗ ಕೆನೆಬಣ್ಣದ ಅಂಗಿ ಎಷ್ಟು?’

ಕಾಕಾ ನಕ್ಕರು. ಆಟ ಅಂತ ಅವರಿಗೂ ಗೊತ್ತಿತ್ತು, ಆಗಿನ್ನೂ.

‘ಆ ಅಂಗಿ ತಂದುಕೊಟ್ಟಾವ ಅವನ, ಇಲ್ಲಾ ಅವನ ಖೋಲಿಗೆ ಬಂದುಹೋಗೋ ಗೆಳ್ಯಾರಾಗ ಯಾರರೆ?’

‘ಅವನ ತಂದಿದ್ದ.’

‘ಯಾವ ವಾರ?’

‘ವಾರ…’

‘ವಾರ ನೆನಪಿಲ್ಲ, ಮಾರಿ ನೆನಪೈತಿ. ಹೆಂಗ ಕಾಕಾ?’

ಗೆಳತಿಯರಲ್ಲಿ ಒಬ್ಬಳು ‘ಬಸ್ ಕರ್ ಯಾರ್, ಅಂಕಲ್ ಹಾರ್ ಗಯೇ’ ಎಂದು ನಕ್ಕಳು, ಸಾಕು ಮಾಡು, ಸೋತರು ಅಂತ. ಅಲ್ಲಿಗೆ ನಿಲ್ಲಿಸಬಹುದಿತ್ತು. ಗೆದ್ದ ಮೇಲೆ ಕೊನೆಯದೊಂದು ಏಟು ಹಾಕಿ ಕೂರಬೇಕು ಎಂದು ನಮಗೆ ಕಲಿಸಿದ್ದರು.

‘ನೋಡ್ರಿ ಕಾಕಾ, ಇಡೀ ಸಭಾ ಮೇಜು ಬಡಿದು ನಿಮ್ಮ ಮಾತು ಖರೆ ಅಂದೈತಿ. ಇನ್ನ ಕೋರ್ಟಿನವರರೆ ಇಲ್ಲ ಹೆಂಗ ಅಂತಾರ? ನಾಳೆ ನಿಮ್ಮ ನೆನಪು ತಪ್ಪಿತ್ತು ಅಂದ್ರ? ಒಬ್ಬ ಹುಡುಗನ ಜಲ್ಮ ಜೈಲಿನ್ಯಾಗ ಹೋತು. ಯಾರ ಕೈಲಿಂದ?’

ಕಾಕಾ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಮುಚ್ಚಳ ತೆರೆದು ಕೆಂಡ ನೋಡಿದರು. ಕೆಂಡ ಚೆನ್ನಾಗಿಯೇ ಇತ್ತು. ಮತ್ತೆ ಮುಚ್ಚಿದರು.

‘ನೀ ಕೇಳೂದು ಬರೋಬ್ಬರಿ ಐತಿ ನೋಡವಾ,’ ಅಂದರು. ‘ನಾ ಇಷ್ಟೆಲ್ಲ ವಿಚಾರನ ಮಾಡಿದ್ದಿಲ್ಲ.’

ಆ ವಾದದಲ್ಲಿ ಒಂದು ಮೋಸ ಇತ್ತು. ಅದು ನನಗೆ ಆಗಲೇ ಗೊತ್ತಿತ್ತು. ಸಭೆ ಅವರ ಮಾತನ್ನು ಖರೆ ಅಂದಿರಲಿಲ್ಲ, ಅವರು ಮುಂದೆ ಬಂದದ್ದನ್ನು ಮೆಚ್ಚಿತ್ತು. ಆ ಮೆಚ್ಚುಗೆ ನಾಳೆ ನೆನಪು ತಪ್ಪಾದರೂ ತಪ್ಪಾಗುವಂಥದ್ದಲ್ಲ. ಗ್ಯಾಲರಿಯಲ್ಲಿ ಕೂತು ಒಂದೊಂದು ಶಬ್ದವನ್ನೂ ಕೇಳಿಸಿಕೊಂಡವಳು ನಾನು. ಎದುರಾಳಿ ತೀರ್ಪುಗಾರರ ಮುಂದೆ ಇದನ್ನು ಎತ್ತಿ ತೋರಿಸಿದ್ದರೆ ನನ್ನ ವಾದ ಅಲ್ಲಿಯೇ ಬಿದ್ದುಹೋಗುತ್ತಿತ್ತು. ಕಾಕಾಗೆ ಎತ್ತಿ ತೋರಿಸಲು ಬರುವುದಿಲ್ಲ ಎಂದು ತಿಳಿದೇ ಹೇಳಿದ್ದೆ.

ಮರುವಾರ ಕಂಬದ ಮೇಲಿನ ಪತ್ರ ಇರಲಿಲ್ಲ. ಇನ್ನೊಂದು ವಾರಕ್ಕೆ ಅಮ್ಮ ‘ಯಾಕೋ ಕಾಕಾ ಈಗೀಗ ಗಂಟು ಕೊಡೂಮುಂದ ಬಿಚ್ಚಿ ತೋರಸ್ತಾರ’ ಅಂದಳು. ನಾನೂ ಕೇಳಿಸಿಕೊಂಡೆ. ಒಂದೊಂದು ಬಾಗಿಲಲ್ಲೂ ನಿಂತು, ಒಂದೊಂದು ಅಂಗಿ ಎತ್ತಿ, ‘ಇದು ನಿಮ್ದ ಹೌದಲ್ರೀ? ಒಮ್ಮೆ ನೋಡಿ ಹೇಳ್ರಿ’ ಎಂದು ಕೇಳುತ್ತಿದ್ದರು. ಯಾರ ಬಟ್ಟೆ ಯಾರದೆಂದು ಇಪ್ಪತ್ತು ವರ್ಷ ಯಾರನ್ನೂ ಕೇಳದೇ ಇದ್ದ ಮನುಷ್ಯ.

ಅಂತರ ಕಾಲೇಜು ಸ್ಪರ್ಧೆಯ ದಿನ ಚೀಟಿ ಎತ್ತಿದಾಗ ನನಗೆ ಭಾನುವಾರದ ವಾದದ ಎದುರು ಪಕ್ಷ ಬಂತು. ಸಾಮಾನ್ಯ ಮನುಷ್ಯನ ನೆನಪನ್ನು ನಂಬಬಹುದು ಎಂದು ವಾದಿಸಬೇಕಿತ್ತು. ವಾದಿಸಿದೆ. ವಾರ ಮರೆತರೂ ಕೈ ತನ್ನ ಗಂಟನ್ನು ಮರೆಯುವುದಿಲ್ಲ, ದಿನವೂ ಮಾಡುವ ಕೆಲಸದ ನೆನಪು ತಲೆಯಲ್ಲಿ ಇರುವುದಿಲ್ಲ, ಬೆರಳಿನಲ್ಲಿ ಇರುತ್ತದೆ ಎಂದೆ. ಒಬ್ಬ ಇಸ್ತ್ರಿಯವರ ಉದಾಹರಣೆ ಕೊಟ್ಟೆ. ಸಭಾಂಗಣ ತುಂಬ ಚಪ್ಪಾಳೆ. ಗುರುತಿಲ್ಲದ ಇನ್ನೂರು ಜನಕ್ಕೆ ಆ ಮಾತು ಹೇಳಿ ಕಪ್ಪು ತಂದೆ. ಅದೇ ಮಾತನ್ನು ಬಂಡಿಯ ಹತ್ತಿರ ಹೋಗಿ ಹೇಳಲು ಐದು ನಿಮಿಷ ಸಾಕಿತ್ತು…

ಹೇಳಲಿಲ್ಲ. ಯಾಕೆ ಎಂದು ನೀವು ಕೇಳಬಹುದು. ಹೇಳಿದರೆ ಭಾನುವಾರದ ವಾದ ಸುಳ್ಳು ಎಂದು ಒಪ್ಪಿಕೊಂಡಂತಾಗುತ್ತಿತ್ತು. ನಾನು ಆವರೆಗೆ ಯಾರ ಮುಂದೆಯೂ ಏನನ್ನೂ ಒಪ್ಪಿಕೊಂಡವಳಲ್ಲ. ಬಟ್ಟೆ ಕೊಡಲು ಅಮ್ಮನನ್ನೇ ಕಳಿಸತೊಡಗಿದೆ.

ಎಂಟು ತಿಂಗಳ ಮೇಲೆ ಕೋರ್ಟಿನಿಂದ ಕರೆ ಬಂತು. ಅಪ್ಪ ರಜೆ ಹಾಕಿ ಕಾಕಾನ ಜೊತೆ ಹೋದರು. ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

‘ಈ ಮನಶ್ಯಾಗ ಏನಾಗೈತೋ! ಹೊಲಿಗಿ ನಂದ ಹೌದ್ರಿ, ಆದ್ರ ಇಂಥಾ ಹೊಲಿಗಿ ಭಾಳ ಅಂಗ್ಯಾಗ ಐತಿ, ಇದು ಇವಂದ ಅಂತ ಆಣಿ ಮಾಡಿ ಹೇಳಾಕ ನನಗ ಆಗೂದಿಲ್ಲ ಅಂದುಬಿಟ್ರು. ಸರ್ಕಾರಿ ವಕೀಲರು ತಲಿ ಹಿಡಕೊಂಡ್ರು.’

ನಾನು ಎದ್ದು ಒಳಗೆ ಹೋದೆ.

ಗಲ್ಲಿ ತನ್ನದೇ ತೀರ್ಪು ಕೊಟ್ಟಿತು. ಆ ಕಡೆಯವರು ಕೈ ಬೆಚ್ಚಗೆ ಮಾಡಿದ್ದಾರೆ ಎಂದರು ಕೆಲವರು, ಹೆದರಿಸಿದ್ದಾರೆ ಎಂದರು ಕೆಲವರು. ಶಾಲು ಹೊದಿಸಿಕೊಂಡು ಬಂದಾಗ ಅವರ ಜೊತೆ ಫೋಟೋ ತೆಗೆಸಿಕೊಂಡಿದ್ದವರೇ. ವಾಚ್‌ಮನ್ನನ ಹೆಂಡತಿ ಅದೇ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುವ ಕೆಲಸಕ್ಕೆ ಸೇರಿದ್ದಳು. ಬಂಡಿಯ ಮುಂದೆ ಹಾದುಹೋಗುವಾಗ ಅವಳು ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಿದ್ದಳು. ಕಾಕಾ ಅವಳು ದಾಟಿಹೋಗುವ ತನಕ ಪೆಟ್ಟಿಗೆ ಎತ್ತುತ್ತಿರಲಿಲ್ಲ. ಇದನ್ನೆಲ್ಲ ನಾನು ನಮ್ಮ ಮಾಳಿಗೆಯಿಂದ ನೋಡಿದ್ದೇನೆ. ನೋಡಿ ಕೆಳಗೆ ಇಳಿದಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾಕಾ ಎದೆನೋವು ಎಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ನನಗೆ ಪರೀಕ್ಷೆ ಇತ್ತು. ಹೆಣ ಊರಿಗೆ ಹೊರಡುವಾಗ ಹೋಗಿ ನಿಂತೆ, ಎಲ್ಲರ ಹಿಂದೆ.

ಅದಾಗಿ ಐದಾರು ತಿಂಗಳಿಗೆ ತೀರ್ಪು ಬಂತು. ಆ ಹುಡುಗನಿಗೆ ಶಿಕ್ಷೆಯಾಯಿತು. ಅಂಗಿಯ ಕಾಲರಿನಲ್ಲಿದ್ದ ಬೆವರು ಅವನದೇ ಎಂದು ಪ್ರಯೋಗಾಲಯದವರು ಹೇಳಿದ್ದರು. ಕಾಕಾ ಹೇಳಿದ್ದು ಮೊದಲ ದಿನದಿಂದಲೂ ಸರಿಯಿತ್ತು. ಕೋರ್ಟಿನ ವೆಬ್‌ಸೈಟಿನಿಂದ ತೀರ್ಪು ಇಳಿಸಿಕೊಂಡು ಓದಿದೆ. ಕಾಕಾನ ಬಗ್ಗೆ ಇದ್ದದ್ದು ಒಂದೇ ಪ್ಯಾರಾ. ಖಚಿತವಾಗಿ ಹೇಳಲಾಗದು ಎಂದು ಸಾಕ್ಷಿ ತಾನಾಗಿಯೇ ಹೇಳಿದ್ದಾನೆ, ಆದ್ದರಿಂದ ಅವನ ಹೇಳಿಕೆಯನ್ನು ಪರಿಗಣಿಸಿಲ್ಲ. ಆರೋಪಿಯ ವಕೀಲರು ಈ ಸಾಕ್ಷಿಗೆ ಪಾಟೀಸವಾಲು ಹಾಕಲಿಲ್ಲ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಅವರು ಒಂದು ಪ್ರಶ್ನೆಯನ್ನೂ ಕೇಳಬೇಕಾಗಿ ಬಂದಿರಲಿಲ್ಲ.

ಕಾಕು ಆಗ ಇನ್ನೂ ಇಲ್ಲೇ, ಅದೇ ಒಂದು ಖೋಲಿಯಲ್ಲಿ ಇದ್ದರು. ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋದೆ, ದಾರಿಯಲ್ಲಿ ಶಬ್ದಗಳನ್ನೂ ಜೋಡಿಸಿಕೊಂಡಿದ್ದೆ. ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು.

‘ಕಾಕು, ಆ ಅಂಗಿ ಅವಂದ ಅಂತ ಕೋರ್ಟು ಹೇಳೈತಿ. ಕಾಕಾ ಹೇಳಿದ್ದ ಖರೆ ಆತು.’

‘ನನಗೇನು ಗೊತ್ತಿರಲಿಲ್ಲೇನವಾ,’ ಅಂದರು ಕಾಕು, ಕೈ ನಿಲ್ಲಿಸದೆ. ‘ಆ ಹುಡುಗನ ಕಡೀ ವಕೀಲ ಕೆಡಿಸಿದ ಅವರ ತಲಿ. ಮನ್ಯಾಗ ಕುಂತು ಒಂದೇ ಸವನ ಎಣಸತಿದ್ರು, ಎಷ್ಟು ಗುಂಡಿ ಹಚ್ಚೀನಿ, ಎಷ್ಟು ನೀಲಿ ಅಂತ. ಯಾರ್ರಿ ನಿಮಗ ಇದನ್ನ ಕೇಳಿದವರು ಅಂದೆ. ಆ ಕಡೀ ವಕೀಲ ಕೇಳ್ಯಾನ, ಅಂದ್ರು. ಅವನ ಬಾಯಿಗೆ ಮಣ್ಣು ಬೀಳಲಿ!’

ನಾನು ಹೂಂ ಅಂದೆ. ಕಾಕು ಬಯ್ಯುತ್ತ ಹೋದರು, ಆ ವಕೀಲನನ್ನು, ಅವನ ವಿದ್ಯೆಯನ್ನು, ಅವನ ಹೆಂಡತಿ ಮಕ್ಕಳನ್ನು. ಪ್ರತಿ ಮಾತಿಗೂ ಹೂಂಗುಟ್ಟುತ್ತ ಕೂತೆ. ಚಹಾ ಮಾಡಿ ಕೊಟ್ಟರು. ಕುಡಿದೆ. ಜೋಡಿಸಿಕೊಂಡು ಹೋಗಿದ್ದ ಒಂದು ಶಬ್ದವೂ ಹೊರಗೆ ಬರಲಿಲ್ಲ.

ಈಗ ಕಾಕು ಚಿಂಚೋಳಿ ಕಡೆ ತಮ್ಮನ ಮನೆಯಲ್ಲಿದ್ದಾರೆ. ಹಬ್ಬಕ್ಕೆ ಅಮ್ಮನಿಗೆ ಫೋನು ಮಾಡಿದಾಗ ನನ್ನ ಬಗ್ಗೆಯೂ ಕೇಳುತ್ತಾರೆ, ‘ಹುಡುಗಿ ಛಲೋ ಐತೇನ್ರಿ?’ ಎಂದು. ಅಮ್ಮ ಫೋನು ನನ್ನ ಕೈಗೆ ಕೊಡುತ್ತಾಳೆ. ಊಟ ಆಯಿತೇ, ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿ ತಿರುಗಿ ಕೊಡುತ್ತೇನೆ. ಬಾಯಿಂದ ಹೇಳಲಾಗದ್ದನ್ನು ಇವತ್ತು ಇಲ್ಲಿ ಬರೆದಿದ್ದೇನೆ. ಕಾಕುಗೆ ಓದು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.